ನೋರ್ಮುರೋದ್ ಪೈಲ್ವಾನನ ಬೆನ್ನಿನ ಮಣ್ಣು

ನೋರ್ಮುರೋದ್ ಪೈಲ್ವಾನನ ಬಗ್ಗೆ ಮಾತಾಡುವವರು ಈಚೆಗೆ ಬಹಳ ಜನ ಆಗಿದ್ದಾರೆ. ಅವನು ಕಣಕ್ಕಿಳಿಯುತ್ತಿದ್ದ ಕಾಲದಲ್ಲಿ ಹುಟ್ಟಿಯೇ ಇರದವರೂ ಚಹಾದಂಗಡಿಯ ಮಂಚದ ಮೇಲೆ ಕೂತು ಅವನ ಪಟ್ಟುಗಳನ್ನು ಕೈಯಾಡಿಸಿ ತೋರಿಸುತ್ತಾರೆ. ತೋರಿಸಲಿ, ಯಾರು ಬೇಡ ಅಂದರು. ಆದರೆ ಅವನ ಕುಸ್ತಿಗಳಲ್ಲಿ ಮುಕ್ಕಾಲು ಪಾಲನ್ನು ಎರಡು ಮಾರು ದೂರದಲ್ಲಿ ನಿಂತು ನೋಡಿದವನು ನಾನೊಬ್ಬನೇ. ಒಂದನ್ನು ನೋಡಬೇಕಾದಾಗ ನೋಡದೆ ಇದ್ದವನೂ ನಾನೇ. ಅದಕ್ಕೇ ಈ ಕಥೆ ಹೇಳುವ ಹಕ್ಕು ನನಗಿದೆ.

ನನ್ನ ಹೆಸರು ತುರ್ದಿ. ಬೋಯ್ಸುನ್ ಬೆಟ್ಟದ ಈ ಮಗ್ಗುಲಲ್ಲಿ ಮೂವತ್ತೊಂದು ವರ್ಷ ಬಕೋವುಲ್ ಆಗಿದ್ದವನು. ನಮ್ಮಲ್ಲಿ ಮಗನಿಗೆ ಸುನ್ನತಿ ಮಾಡಿಸುವ ಮನೆಯವರು ಸುತ್ತಲ ಹಳ್ಳಿಗಳಿಗೆಲ್ಲ ಪಲಾವ್ ಬಡಿಸಿ, ಮಧ್ಯಾಹ್ನದ ಮೇಲೆ ಕುಸ್ತಿ ಇಡುತ್ತಾರೆ. ಕಣದ ನಡುವೆ ಕೋಲು ಹಿಡಿದು ನಿಂತು ಬಹುಮಾನ ಸಾರುವವನು, ಜೋಡಿ ಹಾಕುವವನು, ಒಬ್ಬನ ಬೆನ್ನು ನೆಲಕ್ಕೆ ತಾಗಿದ ಕೂಡಲೇ 'ಹಲೋಲ್' ಎಂದು ಕೂಗುವವನು ಬಕೋವುಲ್. ಹಲೋಲ್ ಅಂದರೆ ಶುದ್ಧ ಗೆಲುವು, ಅದರ ಮೇಲೆ ಮಾತಿಲ್ಲ. ಕೂಗಿದ್ದನ್ನು ಹಿಂದಕ್ಕೆ ತೆಗೆದುಕೊಂಡ ಬಕೋವುಲನನ್ನು ಇನ್ನೊಂದು ಮನೆಯವರು ಕರೆಯುವುದಿಲ್ಲ. ನನ್ನ ಗಂಟಲು ದೊಡ್ಡದು, ಕಣ್ಣು ಚುರುಕು, ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ, ಮೊದಲೆರಡನ್ನು ಬಿಟ್ಟು.

ನೋರ್ಮುರೋದ್ ನನಗಿಂತ ಆರು ವರ್ಷ ಚಿಕ್ಕವನು, ನನ್ನ ಓಣಿಯವನೇ. ಹುಟ್ಟಿದಾಗಲೇ ಬೆನ್ನ ಮೇಲೆ, ಎರಡು ಭುಜಗಳ ನಡುವೆ, ದಾಳಿಂಬೆ ಬಣ್ಣದ ಮಚ್ಚೆ ಇತ್ತು. ಅಂಥ ಮಚ್ಚೆಯ ಮಕ್ಕಳಿಗೆ ನಾವು 'ನೋರ್' ಸೇರಿಸಿ ಹೆಸರಿಡುತ್ತೇವೆ. ಅಪ್ಪ ಸಾಮೂಹಿಕ ಕೃಷಿಯ ಕುರಿಗಳನ್ನು ಕಾಯುತ್ತಿದ್ದ. ಮಗನೂ ಹನ್ನೆರಡರಿಂದ ಕುರಿ ಕಾದ, ಹೊಳೆ ದಾಟಲು ಹೆದರುವ ಟಗರುಗಳನ್ನು ಎತ್ತಿ ಎತ್ತಿ ಆಚೆ ದಡಕ್ಕೆ ಹಾಕಿದ. ಅವನ ಸೊಂಟದ ಬಲ ಬಂದದ್ದು ಅಲ್ಲಿಂದ. ನಮ್ಮೂರಿನ ಮುದಿ ಉಸ್ತಾದರೊಬ್ಬರು ಅದನ್ನು ನೋಡಿ ಅವನಿಗೆ ಪಟ್ಟು ಹೇಳಿಕೊಟ್ಟರು. ಹದಿನೆಂಟಾದಾಗ ಜನರೆದುರು ತಮ್ಮ ಕೈಯಾರೆ ಅವನ ಸೊಂಟಕ್ಕೆ ಪಟ್ಟಿ ಬಿಗಿದು, ಇನ್ನು ಇವನು ಪೈಲ್ವಾನ ಎಂದರು.

ಸೈನ್ಯದಲ್ಲಿ ಎರಡು ವರ್ಷ ಇದ್ದು ಬಂದ ಮೇಲೆ ತಾಷ್ಕೆಂಟಿನಿಂದ ಕರೆ ಬಂತು. ಅಲ್ಲಿ ಸರ್ಕಾರದ ಕುಸ್ತಿ ಶಾಲೆ, ಹಾಸಿಗೆಯಂಥ ಕಣ, ದಿನಕ್ಕೆ ಮೂರು ಹೊತ್ತು ಮಾಂಸ. ನಾಲ್ಕೇ ತಿಂಗಳಿಗೆ ಗಂಟುಮೂಟೆ ಹೊತ್ತು ವಾಪಸ್ ಬಂದ. ಬಸ್ಸು ನಿಲ್ಲುವ ಕಡೆ ನಾನೇ ಮೊದಲು ಸಿಕ್ಕಿದ್ದು.

"ಯಾಕೋ, ಮಾಂಸ ಮುಗೀತಾ?" ಅಂದೆ.

"ಮಾಂಸ ಚೆನ್ನಾಗೇ ಇತ್ತಣ್ಣ. ಆದ್ರೆ ಬಿದ್ದೋನ ಮೇಲೆ ಕೂತ್ಕೊಂಡು ಕೈ ತಿರುಚೋದು ಕಲಿಸ್ತಾರೆ. ನಾವು ಬಿದ್ದೋನಿಗೆ ಕೈ ಕೊಟ್ಟು ಎಬ್ಬಿಸ್ತೀವಿ. ನಂಗೆ ಅದು ಬರಲ್ಲ."

"ಕಲ್ತ್ರೆ ಬರುತ್ತೆ."

"ಕಲಿಯೋದು ಬೇಡ ಅಂತಲೇ ಬಂದೆ," ಅಂದ.

ಅಲ್ಲಿಂದ ಇಪ್ಪತ್ತೆರಡು ವರ್ಷ ಕುಸ್ತಿಯೇ ಅವನ ಕಸುಬು. ವಸಂತ ಮತ್ತು ಸುಗ್ಗಿ, ಎರಡು ಕಾಲದಲ್ಲೂ ವಾರಕ್ಕೆ ಎರಡು ಮೂರು ಸುನ್ನತಿ ಮನೆಗಳು. ಗೆದ್ದ ಟಗರುಗಳಿಗೆ ಲೆಕ್ಕವಿಲ್ಲ. ಮನೆ ತುಂಬ ಜಮಖಾನ. ಒಂದು ಒಂಟೆ ಗೆದ್ದ, ಅದು ಮೂರನೇ ದಿನವೇ ಅವನ ಅತ್ತೆಯ ಮುಖಕ್ಕೆ ಉಗುಳಿತು. ಪಕ್ಕಕ್ಕೆ ಕೂರುವ ಗಾಡಿ ಜೋಡಿಸಿದ್ದ ಮೋಟಾರ್ ಸೈಕಲ್ ಗೆದ್ದ, ಓಡಿಸಲು ಬಾರದೆ ಕತ್ತೆಗೆ ಕಟ್ಟಿ ಎಳೆಸಿಕೊಂಡು ಬಂದ. ಇಷ್ಟರಲ್ಲಿ ಒಮ್ಮೆಯೂ ಅವನ ಬೆನ್ನು ನೆಲ ಮುಟ್ಟಲಿಲ್ಲ. ಮೊಣಕಾಲೂರಿದ್ದಾನೆ, ಬೋರಲು ಬಿದ್ದಿದ್ದಾನೆ, ಒಮ್ಮೆ ಎದುರಾಳಿಯ ಜೊತೆ ಚಹಾದ ಒಲೆಯ ಮೇಲೇ ಬಿದ್ದಿದ್ದಾನೆ. ಬೆನ್ನು ಮಾತ್ರ ಇಲ್ಲ.

ದೊಡ್ಡ ಪೈಲ್ವಾನ ಕೊನೆಗೆ, ದೊಡ್ಡ ಬಹುಮಾನಕ್ಕೆ ಮಾತ್ರ ಎದ್ದು ಬರುವುದು ನಮ್ಮ ರೂಢಿ. ಅಲ್ಲಿಯವರೆಗೆ ನೋರ್ಮುರೋದ್ ಹಿಪ್ಪುನೇರಳೆ ಮರದಡಿ ಟೋಪಿ ಓರೆ ಮಾಡಿಕೊಂಡು ಕರಬೂಜ ತಿನ್ನುತ್ತಿದ್ದ. ನಾನು ಮೂರು ಸಲ ಕೂಗಿದರೂ ಯಾರೂ ಬಾರದಿದ್ದರೆ ಬಾಯೊರೆಸಿಕೊಂಡು, "ನನ್ನ ಜೋಡಿ ಊಟಕ್ಕೆ ಕೂತಿದಾನಾ ಅಣ್ಣ, ಇಲ್ಲ ಇನ್ನೂ ಹುಟ್ಟಬೇಕಾ?" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಜಂಬದವನೇ, ಸುಳ್ಳೇಕೆ ಹೇಳಲಿ. ಜಂಬಕ್ಕೆ ತಕ್ಕ ಸೊಂಟವೂ ಇತ್ತು.

ಅವನ ಹೆಂಡತಿ ಕುಮ್ರಿ ಗಿಡ್ಡ ಹೆಂಗಸು, ನಾಲಿಗೆ ಮಾತ್ರ ಉದ್ದ. ಕುಸ್ತಿಗೆ ನಾವು ಚಪನ್ ತೊಡುತ್ತೇವೆ, ದಪ್ಪ ಹತ್ತಿಯ ನಿಲುವಂಗಿ, ಅದರ ಮೇಲೆ ಸೊಂಟಪಟ್ಟಿ. ಪ್ರತಿ ಕುಸ್ತಿಯ ಮಾರನೆಯ ಬೆಳಿಗ್ಗೆ ಕುಮ್ರಿ ಅದನ್ನು ಹೊಳೆಗೆ ಒಯ್ದು ಒಗೆಯುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಅವನಿಗೆ ಹೇಳಿದ್ದಳಂತೆ: "ಮೊಣಕೈ ಮಣ್ಣು ತೊಳೀತೀನಿ, ಮೊಣಕಾಲಿನ ಮಣ್ಣು ತೊಳೀತೀನಿ. ಬೆನ್ನಿನ ಮಣ್ಣು ತಂದ್ರೆ ನೀವೇ ತೊಳ್ಕೊಳ್ಳಿ." ಆ ಮಾತು ಊರಿಗೆಲ್ಲ ಗೊತ್ತಿತ್ತು. ಹೊಳೆಯ ದಂಡೆಯಲ್ಲಿ ಹೆಂಗಸರು ಅವಳ ಚಪನಿನ ಬೆನ್ನು ನೋಡಿಯೇ ಹಿಂದಿನ ದಿನದ ಸುದ್ದಿ ತಿಳಿಯುತ್ತಿದ್ದರು.

ಅವನಿಗೆ ನಲವತ್ತನಾಲ್ಕು ತುಂಬಿದ ವರ್ಷದ ಸುಗ್ಗಿಯಲ್ಲಿ ಅದು ನಡೆಯಿತು. ಪಕ್ಕದ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಸುನ್ನತಿ. ಬಹುಮಾನಕ್ಕೆ ಹಣೆಯಲ್ಲಿ ಬಿಳಿ ಚುಕ್ಕೆಯ ಕರೀ ಹೋರಿ. ಹಿಂದಿನ ದಿನ ಮಳೆ ಬಿದ್ದು ಉತ್ತ ಹೊಲದ ಕೆಂಪು ಮಣ್ಣು ಒದ್ದೆಯಾಗಿತ್ತು. ನಾನು ಮೊದಲ ಸಲ ಕೂಗುವುದರೊಳಗೇ ಕಣಿವೆಯಾಚೆಯ ಬೆರ್ದಿಯೋರ್ ಎದ್ದು ಬಂದ. ಮೂವತ್ತೆರಡರ ಕಮ್ಮಾರ, ಎಡಗೈಯವನು. ಅವನ ಹಿಡಿತಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಎಂಥವನೂ ಆಕಾಶ ನೋಡುತ್ತಿದ್ದ.

ಇಬ್ಬರೂ ಪಟ್ಟಿ ಹಿಡಿದು ಒಂದು ಸುತ್ತು ಬಂದರು, ಎರಡು ಸುತ್ತು ಬಂದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಹೋರಿ ಗೂಟ ಕಿತ್ತುಕೊಂಡು ಜನರ ಮಧ್ಯೆ ನುಗ್ಗಿತು. ಹೆಂಗಸರು ಕಿರುಚಿದರು, ಒಂದು ಹಂಡೆ ಉರುಳಿತು. ನಾನು ತಿರುಗಿದೆ. ಮೂರು ಉಸಿರಿನ ಹೊತ್ತು, ಹೆಚ್ಚಿಲ್ಲ. ಮತ್ತೆ ಈ ಕಡೆ ನೋಡಿದರೆ ಬೆರ್ದಿಯೋರನ ಬೆನ್ನು ನೆಲದಲ್ಲಿ, ನೋರ್ಮುರೋದ್ ಅವನ ಮೇಲೆ. ಕೋಲೆತ್ತಿ ಹಲೋಲ್ ಎಂದು ಕೂಗಿಬಿಟ್ಟೆ.

ಬೆರ್ದಿಯೋರ್ ಎದ್ದು ನಿಂತು ನನ್ನನ್ನು ನೋಡಿದ. ಅವನ ಕಡೆಯ ಏಳೆಂಟು ಜನ ಏನೋ ಕೂಗುತ್ತಿದ್ದರು, ಹೋರಿಯ ಗಲಾಟೆಯಲ್ಲಿ ಒಂದಕ್ಷರವೂ ಕೇಳಲಿಲ್ಲ. ಅವನು ಎದೆಗೆ ಕೈಯಿಟ್ಟು ಬಾಗಿ, ಊಟಕ್ಕೂ ನಿಲ್ಲದೆ ಹೊರಟುಹೋದ. ಸೋತ ಸಿಟ್ಟು ಅಂದುಕೊಂಡೆ. ನಮ್ಮವರು ನೋರ್ಮುರೋದನಿಗೆ ಶಾಲು ಹೊದಿಸಿ, ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದರು.

ಮಾರನೆಯ ಬೆಳಿಗ್ಗೆ ಆದದ್ದನ್ನು ಕುಮ್ರಿಯೇ ನನಗೆ ಆಮೇಲೆ ಹೇಳಿದಳು. ಹೊಳೆಗೆ ಹೊರಟವಳು ಅಂಗಳದಲ್ಲೇ ನಿಂತು ಚಪನ್ ಬಿಡಿಸಿ ನೋಡಿದಳು. ಬೆನ್ನ ಮೇಲೆ, ಸರಿಯಾಗಿ ಮಚ್ಚೆ ಕೂರುವ ಜಾಗದಲ್ಲಿ, ರೊಟ್ಟಿಯಗಲದ ಕೆಂಪು ಮಣ್ಣು. ಒಳಗೆ ಹೋಗಿ ಗಂಡನ ಚಹಾದ ಬಟ್ಟಲಿನ ಪಕ್ಕ ಅದನ್ನಿಟ್ಟಳು.

"ಇದೇನು?"

ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಾನೇ ಮೊದಲು ಬಿದ್ದೆ. ಬಿದ್ದು, ಉರುಳಿ, ಅವನ ಮೇಲೆ ಬಂದೆ. ತುರ್ದಿಯಣ್ಣ ಆ ಕಡೆ ತಿರುಗಿದ್ರು," ಎಂದ.

"ನೀವು ತಿರುಗಿರಲಿಲ್ಲವಲ್ಲ," ಅಂದಳು ಕುಮ್ರಿ.

ಆ ಮಾತು ಅವನಿಗೆ ನಾಟಿತು. ಆ ಗಳಿಗೆಯಲ್ಲಿ ಯಾಕೆ ಸುಮ್ಮನಿದ್ದೆ ಎಂದು ಅವನು ಮುಂದೆ ನನಗೆ ಹೇಳಿದ್ದುಂಟು. ಕಿವಿ ಗುಂಯ್‌ಗುಡುತ್ತಿತ್ತಂತೆ, ಹಲೋಲ್ ಕೇಳಿಸಿತಂತೆ, ಜನ ಎತ್ತಿಕೊಂಡರಂತೆ. ಮೊದಲ ಗಳಿಗೆ ಮಾತು ಹೊರಡಲಿಲ್ಲ, ಎರಡನೇ ಗಳಿಗೆಗೆ ಸುಮ್ಮನಿರುವುದು ಸುಲಭ ಅನ್ನಿಸಿತು.

ಅದೇ ದಿನ ಮಧ್ಯಾಹ್ನ ಅವನು ನನ್ನ ಮನೆಗೆ ಬಂದ. ಕೂತುಕೊಳ್ಳಲೂ ಇಲ್ಲ.

"ಅಣ್ಣ, ನಿನ್ನೆ ನೀವು ನೋಡಿರಲಿಲ್ಲ ಅಲ್ವಾ?"

"ನಾನು ನೋಡ್ದೇ ಕೂಗೋನೇನೋ?"

"ನನ್ನ ಬೆನ್ನು ಮೊದಲು ನೆಲಕ್ಕೆ ತಾಗಿತ್ತು."

"ತಾಗಿದ್ರೆ ಆಗಲೇ ಬಾಯಿ ಬಿಡಬೇಕಿತ್ತು. ಈಗ ನಾನು ಕೂಗಿ ಆಗಿದೆ. ನನ್ನ ಹಲೋಲ್ ನನ್ನದು, ಅದನ್ನ ಮುಟ್ಟೋಕೆ ನೀನ್ಯಾರು?"

ಅವನು ಜಗಳಕ್ಕೆ ನಿಲ್ಲಲಿಲ್ಲ, ಹೊರಟುಹೋದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಹೇಳಿದ್ದು ನಿಜವೆಂದು ಗೊತ್ತಿದ್ದದ್ದಕ್ಕೇ ಅಷ್ಟು ಉರಿ. ಆ ಚಳಿಗಾಲ ಪೂರ್ತಿ ನಾವಿಬ್ಬರೂ ಒಂದೇ ಓಣಿಯಲ್ಲಿದ್ದು ಮಾತಾಡಲಿಲ್ಲ. ಅವನು ಮಾತ್ರ ಎಲ್ಲೂ ಯಾರ ಮುಂದೂ ನನ್ನ ಹೆಸರೆತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಹೋರಿಯನ್ನು ಅವನು ಇಟ್ಟುಕೊಳ್ಳಲಿಲ್ಲ. ಕಣಿವೆ ದಾಟಿಸಿ ಬೆರ್ದಿಯೋರನ ಮನೆಗೆ ಕಳಿಸಿದ. ನಾಲ್ಕನೇ ದಿನ ಹೋರಿ ವಾಪಸ್ ಬಂತು, ಜೊತೆಗೆ ಒಂದು ಮಾತು: "ಹಲೋಲ್ ಕೂಗಿಸ್ಕೊಂಡೋನೇ ಇಟ್ಕೊಳ್ಲಿ. ನಾನು ಭಿಕ್ಷೆ ಕೇಳಿಲ್ಲ." ನೋರ್ಮುರೋದ್ ಹೋರಿಯ ಮೇಲೆ ಒಂದು ಚೀಲ ಒಣ ಜರದಾಳು ಹೇರಿ ಮತ್ತೆ ಕಳಿಸಿದ. ಆತ ಜರದಾಳು ಇಟ್ಟುಕೊಂಡು, ಅಷ್ಟೇ ತೂಕದ ಅಕ್ರೋಟು ಹೇರಿ ಹೋರಿಯನ್ನು ತಿರುಗಿಸಿದ. ಊರವರಿಗೆ ಒಳಗಿನ ವಿಷಯ ತಿಳಿಯದು, ನಗುವುದಕ್ಕೆ ಒಂದು ನೆಪ ಸಿಕ್ಕಿತು. ಆ ಹೋರಿಗೆ ಈಗ ದಾರಿ ಬಾಯಿಪಾಠ, ಜೊತೆಗೆ ಆಳು ಯಾಕೆ, ಒಂದು ಕಾಗದ ಕೊರಳಿಗೆ ಕಟ್ಟಿ ಬಿಡಿ ಎನ್ನುತ್ತಿದ್ದರು.

ಹಿಮ ಬೀಳುವ ಮುಂಚೆ ಮೂರನೇ ಸಲ ಹೋರಿ ವಾಪಸ್ ಬಂದಾಗ ಬೆರ್ದಿಯೋರ್ ಹೇಳಿಕಳಿಸಿದ್ದು ಇಷ್ಟು: "ನಂಗೆ ಹೋರಿ ಬೇಡ. ಅವರ ಬೆನ್ನು ನೆಲ ಮುಟ್ಟಿದ್ದು ನಾನು ಮತ್ತೆ ನಮ್ಮೋರು ನಾಲ್ಕು ಜನ ನೋಡಿದೀವಿ. ಅದು ನಂಗೆ ಸಾಕಾಗಲ್ಲ, ಜನ ಎಲ್ಲ ನೋಡ್ಬೇಕು." ನೋರ್ಮುರೋದ್ ಹೋರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಚಳಿಗಾಲವಿಡೀ ಹೊಟ್ಟು ಹಿಂಡಿ ಹಾಕಿ ಸಾಕಿದ.

ಹಿಮ ಕರಗಿತು, ನವರೋಜ್ ಹಬ್ಬ ಕಳೆಯಿತು. ಒಂದು ದಿನ ಅವನು ಮತ್ತೆ ನನ್ನ ಬಾಗಿಲಿಗೆ ಬಂದ.

"ಕಿರಿಮಗನ ಸುನ್ನತಿ ಇಟ್ಕೊಂಡಿದೀನಿ. ಬಕೋವುಲ್ ಆಗಿ ನೀವೇ ಬರಬೇಕು ಅಣ್ಣ."

"ಬೇರೆಯವರನ್ನ ಕರಿ."

"ಕರೀಬಹುದು. ಆದ್ರೆ ತುರ್ದಿಯಣ್ಣನ್ನ ಯಾಕೆ ಬಿಟ್ಟೆ ಅಂತ ಜನ ಕೇಳ್ತಾರೆ. ಕೇಳಿದ್ರೆ ನಂಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನೀವೇ ಬನ್ನಿ."

ನನ್ನ ಹೆಂಡತಿ ಒಳಗಿನಿಂದಲೇ ನಕ್ಕಳು. ನಾನು ಕೇಳಿದೆ: "ಬಹುಮಾನ ಏನು?"

"ಕರೀ ಹೋರಿ. ಜೋಡಿ ಬೆರ್ದಿಯೋರ್ ಮತ್ತೆ ನಾನು."

"ಮನೆಯ ಯಜಮಾನನೇ ತನ್ನ ಮನೆ ಬಹುಮಾನಕ್ಕೆ ಕುಸ್ತಿ ಆಡ್ತಾನಾ? ಜನ ಉಗೀತಾರೆ."

"ಉಗಿದ್ರೆ ಒರೆಸ್ಕೋತೀನಿ."

ನನಗೆ ಅನುಮಾನ ಬಂತು. "ಬೇಕಂತಲೇ ಬೀಳೋ ಯೋಚನೆ ಏನಾದ್ರೂ ಇದೆಯಾ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. "ಬೇಕಂತ ಬಿದ್ರೆ ಅದು ಇನ್ನೊಂದು ಸುಳ್ಳಾಗುತ್ತೆ. ನಾನು ಗೆಲ್ಲೋಕೇ ಇಳೀತೀನಿ. ಅವನಿಗೆ ತಾಕತ್ತಿದ್ರೆ ಜನರ ಮುಂದೆ ನನ್ನ ಬೆನ್ನಿಗೆ ಮಣ್ಣು ಹಚ್ಚಲಿ. ಇಲ್ದಿದ್ರೆ ಈ ಸಲ ನಾನು ನಿಜವಾಗಿ ಗೆದ್ದಿರ್ತೀನಿ, ಹೋದ ಸಲದ್ದನ್ನ ನಾನೇ ನಿಂತು ಹೇಳ್ತೀನಿ. ನಿಮ್ಮ ಹೆಸರು ಎತ್ತಲ್ಲ."

ಬರುತ್ತೇನೆ ಅಂದೆ. ಇನ್ನೇನು ಹೇಳಲು ಸಾಧ್ಯವಿತ್ತು.

ಕಣಿವೆಯಾಚೆಯಿಂದ ಬೆರ್ದಿಯೋರನ ಜೊತೆ ಒಂದು ಲಾರಿ ತುಂಬ ಜನ ಬಂದರು. ನಮ್ಮ ಕಡೆಯವರು ಛಾವಣಿಗಳ ಮೇಲೆ, ಮರಗಳ ಮೇಲೆ. ಪಲಾವ್ ಆಯಿತು, ಚಿಕ್ಕ ಕುಸ್ತಿಗಳಾದವು. ಹೋರಿಯನ್ನು ನಾನೇ ನಿಂತು, ನನ್ನ ಕಣ್ಣೆದುರಿಗೆ, ಎರಡು ಹಗ್ಗ ಹಾಕಿಸಿ ಕಟ್ಟಿಸಿದೆ. ಚಳಿಗಾಲದ ಮೇವಿಗೆ ಅದು ಮನೆಯಷ್ಟು ದೊಡ್ಡದಾಗಿತ್ತು.

ಇಬ್ಬರೂ ಬಾಗಿ ವಂದಿಸಿ ಪಟ್ಟಿ ಹಿಡಿದರು. ನೋರ್ಮುರೋದನ ಎಡ ಮಂಡಿ ಆ ಹೊತ್ತಿಗಾಗಲೇ ಸವೆದಿತ್ತು, ಅದು ನನಗೆ ಗೊತ್ತು. ಆದರೂ ಮೊದಲ ಹಿಡಿತದಲ್ಲೇ ಬೆರ್ದಿಯೋರನನ್ನು ಬುಡಸಮೇತ ಎತ್ತಿದ. ಆತ ಗಾಳಿಯಲ್ಲೇ ಹೊರಳಿ ಮೊಣಕಾಲೂರಿ ಇಳಿದ. ಎರಡನೇ ಸಲ ಎತ್ತಿದಾಗ ಬೋರಲು ಬಿದ್ದ. ನಮ್ಮ ಛಾವಣಿಗಳ ಮೇಲೆ ಸದ್ದೋ ಸದ್ದು.

"ಏನ್ ತಿಂದಿದೀಯಪ್ಪಾ, ಭಾರ ಆಗಿದೀಯ," ಎಂದ ನೋರ್ಮುರೋದ್ ಏದುಸಿರಿನಲ್ಲೇ.

"ನಿಮ್ಮನೆ ಪಲಾವೇ ಅಣ್ಣ. ಎರಡು ತಟ್ಟೆ," ಎಂದ ಬೆರ್ದಿಯೋರ್.

ಇಬ್ಬರೂ ನಗುತ್ತಲೇ ಮತ್ತೆ ಹಿಡಿದುಕೊಂಡರು. ಆಗ ನನಗೆ ತಿಳಿಯಿತು, ಈ ಇಬ್ಬರಲ್ಲಿ ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡುತ್ತಿಲ್ಲ. ನೋರ್ಮುರೋದ್ ಮೂರನೇ ಸಲ ಸೊಂಟ ಒಳಗಿಟ್ಟ. ಮಂಡಿ ಒಂದಿಷ್ಟು ಜಗ್ಗಿತು. ಅಷ್ಟು ಸಾಕಾಯಿತು ಆ ಎಡಗೈಯವನಿಗೆ. ಒಳಗೆ ತಿರುಗಿ, ಸೊಂಟದ ಮೇಲೆ ಹಾಕಿಕೊಂಡು, ಬೀಸಿ ಒಗೆದ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಾಣದಿದ್ದದ್ದನ್ನು ಕಂಡೆ. ನೋರ್ಮುರೋದನ ಎರಡೂ ಕಾಲು ಆಕಾಶದಲ್ಲಿದ್ದವು, ಆಮೇಲೆ ಬೆನ್ನು ಪೂರ್ತಿ ನೆಲದಲ್ಲಿತ್ತು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಹೋರಿ ಸುಮ್ಮನೆ ಮೆಲುಕು ಹಾಕುತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವನು ನನ್ನ ಓಣಿಯ ಹುಡುಗ, ನಮ್ಮ ಊರಿನ ಹೆಸರು, ಆ ಹೆಸರನ್ನು ನನ್ನ ಗಂಟಲೇ ಮುಗಿಸಬೇಕು. 'ಪಕ್ಕಕ್ಕೆ ಬಿದ್ದ, ಮತ್ತೆ ಹಿಡೀರಿ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಳಿದ್ದರೆ ನಮ್ಮವರೆಲ್ಲ ಹೌದು ಅನ್ನುತ್ತಿದ್ದರು. ನಾನು ಅಂಥ ಮನುಷ್ಯ ಎಂದು ಆ ಗಳಿಗೆಯಲ್ಲಿ ನನಗೇ ತಿಳಿದು ನಾಚಿಕೆಯಾಯಿತು.

ಬಿದ್ದ ಪೈಲ್ವಾನ ಥಟ್ಟನೆ ಹೊರಳುತ್ತಾನೆ, ಬೆನ್ನಲ್ಲ ಮಗ್ಗುಲು ಎಂದು ತೋರಿಸಲು. ನೋರ್ಮುರೋದ್ ಹೊರಳಲಿಲ್ಲ. ಎರಡೂ ಕೈ ಚಾಚಿ, ಎಲ್ಲರಿಗೂ ಕಾಣುವ ಹಾಗೆ, ಬಿದ್ದಲ್ಲೇ ಮಲಗಿದ್ದ. ತಲೆ ಎತ್ತದೆಯೇ ನನ್ನ ಕಡೆ ಕಣ್ಣು ತಿರುಗಿಸಿದ.

"ಈ ಸಲ ನೋಡ್ತಿದ್ರಲ್ಲ, ಅಣ್ಣ?"

"ನೋಡ್ತಿದ್ದೆ," ಅಂದೆ.

"ಹಾಗಾದ್ರೆ ಕೂಗಿ. ಕೆಳಗೆ ಥಂಡಿ ಆಗ್ತಿದೆ."

ಕೂಗಿದೆ. ಅಂಥ ಹಲೋಲನ್ನು ನಾನು ಅದಕ್ಕೆ ಮುಂಚೆಯೂ ಕೂಗಿಲ್ಲ, ಆಮೇಲೂ ಕೂಗಿಲ್ಲ. ಕೂಗಿದ ಮೇಲೆ ಕೋಲನ್ನು ನೆಲಕ್ಕೆ ಹಾಕಿದೆ. "ಇನ್ನೊಂದು ಮಾತಿದೆ, ಎಲ್ಲರೂ ಕೇಳಿ," ಅಂದೆ. "ಹೋದ ಸುಗ್ಗೀಲಿ ಇದೇ ಹೋರಿ ಗೂಟ ಕಿತ್ತಾಗ ನಾನು ಅದನ್ನ ನೋಡ್ತಾ ನಿಂತಿದ್ದೆ. ಕುಸ್ತಿ ನೋಡಿರಲಿಲ್ಲ. ನೋಡ್ದೇ ಕೂಗಿದೆ. ಆ ಗೆಲುವೂ ಬೆರ್ದಿಯೋರನದೇ. ಕೆಳಗೆ ಮಲಗಿರೋ ಈ ನನ್ಮಗ ಮಾರನೇ ದಿನವೇ ಬಂದು ಹೇಳಿದ್ದ, ನಾನೇ ಬಾಯಿ ಮುಚ್ಚಿಸಿ ಕಳಿಸಿದೆ."

ಕಣಿವೆಯಾಚೆಯ ಮುದುಕಿಯೊಬ್ಬಳು ಲಾರಿಯ ಮೇಲಿಂದ, "ಆರು ತಿಂಗಳು ಬೇಕಾಯ್ತೇನಪ್ಪಾ ನಿನ್ನ ಕಣ್ಣು ಬಿಡೋಕೆ?" ಎಂದಳು. ಎರಡೂ ಕಡೆಯವರು ಒಟ್ಟಿಗೆ ನಕ್ಕರು. ನಾನೂ ನಕ್ಕೆ, ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಬೆರ್ದಿಯೋರ್ ಕೈ ಕೊಟ್ಟು ನೋರ್ಮುರೋದನನ್ನು ಎಬ್ಬಿಸಿದ. ನೋರ್ಮುರೋದ್ ಅವನಿಗೆ ಹೊಸ ಶಾಲು ಹೊದಿಸಿ ಹೋರಿಯ ಹಗ್ಗ ಕೈಗಿತ್ತ. "ಇನ್ನು ವಾಪಸ್ ಕಳಿಸಬೇಡಪ್ಪ, ಅದರ ಗೊರಸು ಸವೆದುಹೋಗಿದೆ," ಎಂದ. ಹಗ್ಗ ಬಿಚ್ಚಿದ ಕೂಡಲೇ ಹೋರಿ ಯಾರನ್ನೂ ಕೇಳದೆ ಕಣಿವೆಯ ದಾರಿ ಹಿಡಿಯಿತು. ಲಾರಿಯವರು ಅದರ ಹಿಂದೆ ಓಡಬೇಕಾಯಿತು.

ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ ಅಂದುಕೊಂಡು ಕೋಲನ್ನು ಅಟ್ಟಕ್ಕೆ ಹಾಕಿದ್ದೆ. ಆ ಸುಗ್ಗಿಯಲ್ಲಿ ಹನ್ನೊಂದು ಮನೆಯವರು ಕರೆದರು. ಪ್ರತಿಯೊಬ್ಬರೂ, "ಹೋರಿ ನಿಮ್ಮ ಮುಂದೆಯೇ ಕಟ್ತೀವಿ ತುರ್ದಿಯಣ್ಣ," ಎಂದು ಕುಟುಕಿಯೇ ಕರೆದರು. ಕುಟುಕಲಿ, ಅದು ನನಗೆ ಸಲ್ಲಬೇಕಾದದ್ದೇ. ನೋರ್ಮುರೋದ್ ಮತ್ತೆ ಕಣಕ್ಕಿಳಿಯಲಿಲ್ಲ. ಮಂಡಿ ಹೋಯಿತು ಎಂದ, ನಿಜವೂ ಹೌದು. ಈಗಲೂ ಸುನ್ನತಿ ಮನೆಗಳಲ್ಲಿ ಹಿಪ್ಪುನೇರಳೆ ಮರದಡಿ ಟೋಪಿ ಓರೆ ಮಾಡಿ ಕೂರುತ್ತಾನೆ, ಜಂಬ ಒಂದು ಎಳೆಯೂ ಇಳಿದಿಲ್ಲ.

ಆ ಕುಸ್ತಿಯ ಮಾರನೆಯ ಬೆಳಿಗ್ಗೆ ನಾನು ಹೊಳೆಯಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದೆ. ನೋರ್ಮುರೋದ್ ಕುಂಟುತ್ತಾ ಬಂದ, ಕಂಕುಳಲ್ಲಿ ಚಪನ್, ಕೈಯಲ್ಲಿ ಸೋಪಿನ ತುಂಡು. ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮದುವೆಯ ಹೊಸದರ ಆ ಮಾತನ್ನು ಅವನು ಮರೆತಿರಲಿಲ್ಲ. ಕಲ್ಲಿನ ಮೇಲೆ ಕೂತು ಚಪನ್ ಬಿಡಿಸಿದ, ಬೆನ್ನ ಮೇಲೆ ಕೆಂಪು ಮಣ್ಣು ಒಣಗಿ ಅಂಟಿತ್ತು. ನೀರಿಗೆ ಅದ್ದುವಷ್ಟರಲ್ಲಿ ಕುಮ್ರಿ ಓಡುತ್ತಾ ಬಂದು ಅವನ ಕೈಯಿಂದ ಅದನ್ನು ಕಿತ್ತುಕೊಂಡಳು.

"ನೀನೇ ಹೇಳಿದ್ದಲ್ಲ, ಬೆನ್ನಿನ ಮಣ್ಣು ನಾನೇ ತೊಳ್ಕೋಬೇಕು ಅಂತ," ಎಂದ ಅವನು.

"ಹೇಳಿದ್ದೆ. ಆದ್ರೆ ಇದು ಸುಳ್ಳಿಲ್ದೆ ಬಂದ ಮಣ್ಣು. ಇದನ್ನ ನಾನೂ ತೊಳೆಯಲ್ಲ, ನೀವೂ ತೊಳೀಬೇಡಿ," ಎಂದಳು ಕುಮ್ರಿ. ಮಣ್ಣು ಉದುರದ ಹಾಗೆ ಚಪನನ್ನು ಮಡಚಿ ಎದೆಗೆ ಒತ್ತಿಕೊಂಡು ಮನೆಗೆ ಹೋದಳು. ಗೆದ್ದ ಜಮಖಾನಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನಡುಗೋಡೆಯ ಮೇಲೆ, ಬೆನ್ನು ಹೊರಗೆ ಕಾಣುವ ಹಾಗೆ ಅದನ್ನು ತೂಗುಹಾಕಿದಳು.